ರಾತ್ರಿ ಶೋ ಯಾವುದು ನೋಡೋಣ? ಮೊದಲು ಎಲ್ಲಿ ಕೂತಿದ್ದರು ಅಂತ ಕೇಳಿ

ಒಂದೇ ಮನೋರಂಜನಾ ಪಾರ್ಕು, ಒಂದೇ ರಾತ್ರಿ, ಒಂದೇ ಶೋ. ಒಬ್ಬರು "ಜನ್ಮದಲ್ಲಿ ಒಂದ್ಸಲ ನೋಡಲೇಬೇಕು" ಅಂತ ಐದು ಸ್ಟಾರ್ ಕೊಟ್ಟಿರುತ್ತಾರೆ. ಅದರ ಕೆಳಗೇ ಇನ್ನೊಬ್ಬರು "ಎರಡು ಗಂಟೆ ಕಾದಿದ್ದು ದಂಡ, ಮುಂದಿನವನ ಬೆನ್ನು ಬಿಟ್ಟು ಏನೂ ಕಾಣಲಿಲ್ಲ" ಅಂತ ಒಂದೇ ಸ್ಟಾರ್ ಕೊಟ್ಟಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ನಟ್ಟನಡುವೆ ಕೂತಿದ್ದರು, ಇನ್ನೊಬ್ಬರು ಮೂಲೆಯಲ್ಲಿ ಕಂಬದ ಪಕ್ಕ ನಿಂತಿದ್ದರು. ಅಷ್ಟೇ ವ್ಯತ್ಯಾಸ.

ಪ್ರವಾಸಕ್ಕೆ ಮುಂಚೆ ಇಂಥ ಅಭಿಪ್ರಾಯಗಳನ್ನು ಗಂಟೆಗಟ್ಟಲೆ ಓದೋದು ನನಗೆ ಚಟ. ಓದೀ ಓದೀ ನನಗೆ ಅನಿಸಿರೋದು ಇಷ್ಟು: ಜನ ಶೋ ಬಗ್ಗೆ ಬರೆಯುತ್ತಿದ್ದೇವೆ ಅಂದುಕೊಂಡು ಬರೆಯೋದು ಕೂತ ಜಾಗದ ಬಗ್ಗೆ, ಕಾದ ಹೊತ್ತಿನ ಬಗ್ಗೆ, ಹೊರಗೆ ಬರುವಾಗ ತಿಂದ ನೂಕುನುಗ್ಗಲಿನ ಬಗ್ಗೆ. ಈ ಮೂರನ್ನೂ ಕಳೆದು ಉಳಿದದ್ದನ್ನು ಓದಿದರೆ ನಿಜವಾದ ಶೋ ಸಿಗುತ್ತದೆ. ರಾತ್ರಿ ಶೋಗಳಲ್ಲಿ ಐದಾರು ಜಾತಿ ಇವೆ. ಒಂದೊಂದರಲ್ಲಿ ಒಂದೊಂದು ಜಾಗ ಒಳ್ಳೆಯದು, ಒಂದೊಂದು ಜಾಗ ಕೆಟ್ಟದ್ದು. ನಿಮ್ಮ ಜೊತೆ ಯಾರಿದ್ದಾರೆ ಅನ್ನೋದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ನಟರು ಬಂದು ಆಡುವ ಶೋ

ನನ್ನ ಮೊದಲ ಮತ ಯಾವಾಗಲೂ ಇದಕ್ಕೇ. ಮನುಷ್ಯರು ಕಣ್ಣೆದುರು ಓಡಾಡಿದರೆ ಅದರ ರುಚಿಯೇ ಬೇರೆ. ಆದರೆ ಅತಿ ಹೆಚ್ಚು ಜಗಳದ ಅಭಿಪ್ರಾಯಗಳು ಬರೋದೂ ಇದರ ಬಗ್ಗೆಯೇ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 'ಫ್ಯಾಂಟಾಸ್ಮಿಕ್' ಅನ್ನೋ ಶೋ 1992ರ ಮೇ 13ರಂದು ಶುರುವಾಯಿತು. ಪಾರ್ಕಿನ ನದಿಯ ನಡುವೆ ಒಂದು ದ್ವೀಪ, ಅದೇ ವೇದಿಕೆ. ಮಂಜಿನಂಥ ನೀರಿನ ಪರದೆಯ ಮೇಲೆ ಚಿತ್ರ ಮೂಡುತ್ತದೆ, ದೋಣಿಗಳು ಬರುತ್ತವೆ, ನೀರಿನ ಮೇಲೆ ಬೆಂಕಿ ಉರಿಯುತ್ತದೆ, ನಟರು ಕುಣಿಯುತ್ತಾರೆ. ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಈ ಶೋದ ಹಳೆಯ ಅಭಿಪ್ರಾಯ ಯಾವುದನ್ನು ತೆಗೆದರೂ ಡ್ರ್ಯಾಗನ್ ಮಾತು ಬಂದೇ ಬರುತ್ತದೆ. ಬೆಂಕಿ ಉಗುಳುವ ದೊಡ್ಡ ಯಂತ್ರದ ಡ್ರ್ಯಾಗನ್ ಅದು. 2023ರ ಏಪ್ರಿಲ್ 22ರ ರಾತ್ರಿ ಶೋ ನಡೆಯುತ್ತಿರುವಾಗಲೇ ಅದಕ್ಕೆ ಬೆಂಕಿ ಹತ್ತಿ ಉರಿದುಹೋಯಿತು. ಪ್ರೇಕ್ಷಕರಿಗೆ ಏನೂ ಆಗಲಿಲ್ಲ, ಶೋ ಮಾತ್ರ ಒಂದು ವರ್ಷಕ್ಕಿಂತ ಜಾಸ್ತಿ ನಿಂತಿತು. 2024ರ ಮೇ 24ರಂದು ಮತ್ತೆ ಶುರುವಾದಾಗ ಡ್ರ್ಯಾಗನ್ ಇರಲಿಲ್ಲ. ಅಂದಮೇಲೆ 2022ರಲ್ಲಿ ಬರೆದ "ಡ್ರ್ಯಾಗನ್ ನೋಡಿ ನನ್ನ ಮಗ ಕುಣಿದಾಡಿಬಿಟ್ಟ" ಅನ್ನೋ ಅಭಿಪ್ರಾಯ ಓದಿ ನೀವು ಹೋದರೆ ಏನಾಗುತ್ತದೆ ಹೇಳಿ? ತಾರೀಕು ನೋಡದೆ ಯಾವ ಅಭಿಪ್ರಾಯವನ್ನೂ ಓದಬೇಡಿ.

ಇನ್ನೊಂದು ಗೊಂದಲ. ಇದೇ ಹೆಸರಿನ ಶೋ ಫ್ಲಾರಿಡಾದ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್‌ನಲ್ಲೂ 1998ರಿಂದ ಇದೆ. ಅಲ್ಲಿ ಇದಕ್ಕೆಂದೇ ಕಟ್ಟಿದ ಬಯಲು ರಂಗಮಂದಿರ, ಸುಮಾರು 7,000 ಜನ ಬೆಂಚಿನ ಮೇಲೆ ಕೂರಬಹುದು. ಕ್ಯಾಲಿಫೋರ್ನಿಯಾದಲ್ಲಿ ನದಿ ದಂಡೆಯ ಮೇಲೆ ಜನ ನಿಂತೋ ನೆಲದ ಮೇಲೆ ಕೂತೋ ನೋಡುತ್ತಾರೆ. "ಆರಾಮಾಗಿ ಕೂತು ನೋಡಿದೆವು" ಅಂತ ಒಬ್ಬರು, "ಕಾಲು ಬಿದ್ದುಹೋಯಿತು" ಅಂತ ಇನ್ನೊಬ್ಬರು ಬರೆದರೆ ಅವರಿಬ್ಬರೂ ಬಹುಶಃ ಬೇರೆ ಬೇರೆ ರಾಜ್ಯದಲ್ಲಿ ಇದ್ದವರು! ಇನ್ನು ಫ್ಲಾರಿಡಾದ ಶೋ ಬಗ್ಗೆ ಬರುವ ದೂರು ಬೇರೆಯದು. ಅಷ್ಟು ಸಾವಿರ ಜನ ಒಟ್ಟಿಗೇ ಎದ್ದರೆ ಹೊರಗೆ ಬರೋಕೆ ಎಷ್ಟು ಹೊತ್ತು ಬೇಕು, ಲೆಕ್ಕ ಹಾಕಿ.

ನಟರ ಶೋನಲ್ಲೇ ಎಲ್ಲರಿಗಿಂತ ದೊಡ್ಡಣ್ಣ ಅಂದರೆ ಫ್ರಾನ್ಸಿನ ಪ್ವಿ ದು ಫೂ ಪಾರ್ಕಿನ 'ಸಿನೆಸೆನಿ'. 1978ರಲ್ಲಿ ಈ ಶೋ ಮೊದಲು ಹುಟ್ಟಿತು, ಪಾರ್ಕು ಬೆಳೆದದ್ದು ಆಮೇಲೆ. 23 ಹೆಕ್ಟೇರ್ ಜಾಗವೇ ವೇದಿಕೆ. ಎರಡೂವರೆ ಸಾವಿರದಷ್ಟು ಜನ ಅದರಲ್ಲಿ ಆಡುತ್ತಾರೆ, ಅವರೆಲ್ಲ ಸಂಬಳವಿಲ್ಲದೆ ಬರುವ ಸುತ್ತಮುತ್ತಲಿನವರು. ಬೇಸಿಗೆಯ ವಾರಾಂತ್ಯದ ರಾತ್ರಿಗಳಲ್ಲಿ ಮಾತ್ರ ನಡೆಯುತ್ತದೆ, ಟಿಕೆಟ್ಟೂ ಪಾರ್ಕಿನದ್ದಲ್ಲದೆ ಬೇರೆ ಕೊಳ್ಳಬೇಕು. ಒಂದೂವರೆ ಗಂಟೆಯ ಶೋ, ಶುರುವಾಗೋದೇ ಪೂರ್ತಿ ಕತ್ತಲಾದ ಮೇಲೆ. ಅಲ್ಲಿ ಬೇಸಿಗೆಯಲ್ಲಿ ಕತ್ತಲಾಗುವಷ್ಟರಲ್ಲಿ ರಾತ್ರಿ ಹತ್ತು ದಾಟಿರುತ್ತದೆ. ಮುಗಿಯುವಾಗ ಮಧ್ಯರಾತ್ರಿ. ಇದನ್ನು ಹೊಗಳುವವರು ಆ ಅಗಾಧತೆಯನ್ನು ಹೊಗಳುತ್ತಾರೆ. ದೂರುವವರು ಮೂರು ಮಾತು ಹೇಳುತ್ತಾರೆ: ಚಳಿ, ಭಾಷೆ, ದೂರ. ಮೂರೂ ನ್ಯಾಯವೇ. ಅಷ್ಟು ದೊಡ್ಡ ಬಯಲಿನಲ್ಲಿ ಯಾರ ಮುಖವೂ ಕಾಣೋದಿಲ್ಲ, ಕಾಣೋದು ಗುಂಪು, ಕುದುರೆ, ಬೆಳಕು. ಮುಖ ನೋಡಬೇಕು ಅನ್ನೋರು ಸಣ್ಣ ವೇದಿಕೆಯ ಶೋ ಆರಿಸಿಕೊಳ್ಳಲಿ. ಅಂದಹಾಗೆ, ಇಂಥ ದೊಡ್ಡ ಬಯಲು ಶೋಗಳಲ್ಲಿ ಮಾತು, ಸಂಗೀತ ಬಹುಪಾಲು ಮೊದಲೇ ರೆಕಾರ್ಡ್ ಆಗಿರುತ್ತದೆ. "ಲೈವ್ ಅಂದರು, ತುಟಿ ಮಾತ್ರ ಆಡಿಸುತ್ತಿದ್ದರು" ಅಂತ ಕೋಪಿಸಿಕೊಳ್ಳುವವರು ಎಲ್ಲ ಪಾರ್ಕಿನಲ್ಲೂ ಸಿಗುತ್ತಾರೆ.

ನೀರಿನ ಶೋ

ಇದರ ಬಗ್ಗೆ ನನಗೆ ಸ್ವಂತ ಅನುಭವ ಇದೆ, ಸ್ವಲ್ಪ ಕಹಿಯದ್ದೇ. ಒಂದು ಪಾರ್ಕಿನಲ್ಲಿ ನಾವು ಒಂದು ಗಂಟೆ ಮುಂಚೆಯೇ ಹೋಗಿ ಮೊದಲ ಸಾಲು ಹಿಡಿದೆವು. ಹೆಮ್ಮೆಯೋ ಹೆಮ್ಮೆ. ಆದರೆ ಸಿಕ್ಕಿದ್ದು ಬಲಗಡೆಯ ತುದಿ. ಶೋ ಶುರುವಾಯಿತು, ನೀರಿನ ಪರದೆ ಬೀಸಣಿಗೆ ಬಿಚ್ಚಿದ ಹಾಗೆ ಮೇಲೆದ್ದಿತು, ಜನ "ಓ" ಅಂದರು. ನಮಗೆ ಕಂಡಿದ್ದು ಬೂದು ಬಣ್ಣದ ಹೊಗೆಯಂಥ ಏನೋ. ಅದರಲ್ಲಿ ಯಾವುದೋ ಮುಖದ ಅರ್ಧ ಭಾಗ ಎಳೆದುಕೊಂಡು ನಿಂತಿತ್ತು. ಅಷ್ಟರಲ್ಲಿ ಗಾಳಿ ತಿರುಗಿತು. ಅಮ್ಮನ ಕನ್ನಡಕದ ತುಂಬ ಹನಿ. ಅವರು ಸೆರಗಿನಿಂದ ಒರೆಸಿಕೊಂಡು "ನೀರಿನ ಶೋ ಅಂದ್ರೆ ನಾವೂ ನೆನೀಬೇಕಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಅದೇ ಶೋಗೆ ಹಟಕ್ಕೆ ಬಿದ್ದು ಮತ್ತೆ ಹೋದೆ, ಒಬ್ಬನೇ. ಈ ಸಲ ಹಿಂದುಗಡೆ, ಸರಿಯಾಗಿ ನಡುವೆ, ಸೌಂಡ್ ನೋಡಿಕೊಳ್ಳುವವರು ಕೂರುವ ಗೂಡಿನ ಪಕ್ಕ ನಿಂತೆ. ಬೇರೆಯದೇ ಶೋ! ಬಣ್ಣ ಬಣ್ಣವಾಗಿತ್ತು, ಮುಖ ಮುಖವಾಗಿತ್ತು.

ಕಾರಣ ಸರಳ. ನೀರಿನ ಪರದೆಗೆ ಸಾಮಾನ್ಯವಾಗಿ ಹಿಂದಿನಿಂದ ಬೆಳಕು ಬಿಡುತ್ತಾರೆ. ಹನಿಗಳಿಗೆ ಬಡಿದ ಬೆಳಕಿನ ಹೆಚ್ಚು ಪಾಲು ನೇರ ಮುಂದಕ್ಕೇ ಬರುತ್ತದೆ, ಪಕ್ಕಕ್ಕೆ ಹೋಗೋದು ತುಂಬ ಕಡಿಮೆ. ಬಟ್ಟೆಯ ಪರದೆಯ ಹಾಗೆ ಎಲ್ಲ ಕಡೆಯಿಂದಲೂ ಒಂದೇ ಥರ ಕಾಣೋದಿಲ್ಲ. ಹಾಗಾಗಿ ನೀರಿನ ಶೋನಲ್ಲಿ ಮುಂದಿನ ಸಾಲಿನ ತುದಿಗಿಂತ ಹಿಂದಿನ ಸಾಲಿನ ನಡುವೆ ಎಷ್ಟೋ ಮೇಲು. "ಚಿತ್ರ ಮಸುಕಾಗಿತ್ತು" ಅಂತ ಬರೆದವರು ಎಲ್ಲಿ ಕೂತಿದ್ದರು ಅಂತ ಹುಡುಕಿ. ಬರೆದಿಲ್ಲದಿದ್ದರೆ ಅವರು ಹಾಕಿದ ಫೋಟೋ ನೋಡಿ, ಕೋನ ಗೊತ್ತಾಗುತ್ತದೆ.

ಈ ಜಾತಿಯ ಹೆಸರಾಂತ ಶೋ ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ 'ವರ್ಲ್ಡ್ ಆಫ್ ಕಲರ್'. 2010ರ ಜೂನ್‌ನಲ್ಲಿ ಶುರುವಾಯಿತು. ಸುಮಾರು 1,200 ಕಾರಂಜಿಗಳು. ಮುಂದೆ ನಿಂತರೆ ನೆನೆಯುತ್ತೀರಿ, ಅದನ್ನು ಅವರೇ ಮೊದಲೇ ಹೇಳುತ್ತಾರೆ. ನೆದರ್ಲ್ಯಾಂಡ್ಸ್‌ನ ಎಫ್ಟೆಲಿಂಗ್ ಪಾರ್ಕಿನ 'ಅಕ್ವಾನುರಾ' ಇದಕ್ಕೆ ತದ್ವಿರುದ್ಧ. 2012ರಲ್ಲಿ ಪಾರ್ಕಿಗೆ 60 ತುಂಬಿದಾಗ ಬಂದ ಶೋ ಅದು. ಬೇಗ ಮುಗಿಯುತ್ತದೆ, ಕೆರೆಯ ಮೇಲೆ ಕಾರಂಜಿಗಳ ಕುಣಿತ, ಬಾಗಿಲು ಹಾಕುವ ಹೊತ್ತಿಗೆ ಎಲ್ಲರಿಗೂ ಒಂದು ಟಾಟಾ ಹೇಳಿದ ಹಾಗೆ. ಇದರ ಬಗ್ಗೆ ಸಿಟ್ಟಿನ ಮಾತು ಕಡಿಮೆ ಯಾಕೆ ಅಂದರೆ ಇದಕ್ಕಾಗಿ ಯಾರೂ ಎರಡು ಗಂಟೆ ಕಾಯೋದಿಲ್ಲ. ಕಾದಷ್ಟೂ ನಿರೀಕ್ಷೆ ಜಾಸ್ತಿ, ನಿರೀಕ್ಷೆ ಜಾಸ್ತಿಯಾದಷ್ಟೂ ಸ್ಟಾರ್ ಕಡಿಮೆ.

ಸಿಂಗಪುರದ ಸೆಂಟೋಸಾ ದ್ವೀಪದಲ್ಲಿ 2014ರಿಂದ ನಡೆಯುವ 'ವಿಂಗ್ಸ್ ಆಫ್ ಟೈಮ್' ಪಾರ್ಕಿನ ಒಳಗಿನದ್ದಲ್ಲ, ಕಡಲ ದಂಡೆಯದು. ಆದರೂ ನಮ್ಮ ಜನ ಹೆಚ್ಚು ನೋಡಿ ಬರುವ ನೀರಿನ ಶೋ ಅದೇ ಇರಬೇಕು. ಸುಮಾರು 20 ನಿಮಿಷ. "ಬೆಳಕು ಸೂಪರ್, ಕಥೆ ಮಕ್ಕಳಾಟ" ಅನ್ನೋದೇ ಅದರ ಬಗ್ಗೆ ನಾನು ಮತ್ತೆ ಮತ್ತೆ ಕೇಳಿದ ಮಾತು. ಮಕ್ಕಳಿದ್ದರೆ ಅದೇ ಒಂದು ಗುಣ, ಅಲ್ವಾ?

ಕೋಟೆಯ ಮೇಲೆ ಚಿತ್ರ, ಆಕಾಶದಲ್ಲಿ ಬಾಣಬಿರುಸು

ಹೆಚ್ಚು ಜನಕ್ಕೆ ಹಿಡಿಸೋದು ಇದು. ಕತ್ತೆತ್ತಿದರೆ ಸಾಕು, ಎಲ್ಲರಿಗೂ ಏನಾದರೂ ಕಾಣುತ್ತದೆ. ಆದರೆ "ಏನಾದರೂ" ಅನ್ನೋದರಲ್ಲೇ ತಕರಾರು ಇದೆ. ಮೊದಲು ಇಂಥ ಶೋ ಅಂದರೆ ಬಾಣಬಿರುಸು ಅಷ್ಟೇ. ಈಗ ಅರ್ಧ ಕಥೆ ಕಟ್ಟಡದ ಗೋಡೆಯ ಮೇಲೆ ಚಿತ್ರವಾಗಿ ನಡೆಯುತ್ತದೆ. ಅದು ಕಾಣಬೇಕಾದರೆ ಎದುರಿಗೇ ಇರಬೇಕು. ಪಕ್ಕದ ಸೇತುವೆಯ ಮೇಲೆ ನಿಂತವರಿಗೆ ಆಕಾಶ ಮಾತ್ರ ಸಿಗುತ್ತದೆ, ನಡುನಡುವೆ "ಈಗ ಯಾಕೆ ಏನೂ ಹಾರುತ್ತಿಲ್ಲ?" ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರೇ ಮನೆಗೆ ಹೋಗಿ "ಶೋ ಎಳೆದಾಡಿದೆ" ಅಂತ ಬರೆಯೋದು.

ತುಂಬ ದೂರ ನಿಂತರೂ ಒಂದು ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಪಟಾಕಿ ಸಿಡಿದ ಜಾಗದಿಂದ ನೀವು ಅಷ್ಟು ದೂರದಲ್ಲಿದ್ದರೆ ಬೆಳಕು ಬಂದು ಒಂದು ಸೆಕೆಂಡ್ ಆದ ಮೇಲೆ ಸದ್ದು ಬರುತ್ತದೆ. ಸಂಗೀತ ಮಾತ್ರ ಪಕ್ಕದ ಕಂಬದ ಸ್ಪೀಕರಿನಿಂದ ಆಗಲೇ ಬಂದಿರುತ್ತದೆ. ತಾಳ ತಪ್ಪಿದ ಹಾಗೆ ಕೇಳುತ್ತದೆ. ಪುಟ್ಟ ಮಗು ಇದ್ದರೆ ಮಾತ್ರ ಈ ದೂರವೇ ವರ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಕೊನೆಯ ಭರ್ಜರಿ ಸುತ್ತು ಸಿಡಿದಾಗ ಬೆಚ್ಚಿ ಎದ್ದವಳು ಗೇಟು ದಾಟುವವರೆಗೂ ಅತ್ತಳು. ಕಿವಿ ಮುಚ್ಚುವ ಮಕ್ಕಳ ಮಫ್ ಒಂದಿದ್ದರೆ ಆ ರಾತ್ರಿ ಉಳಿಯುತ್ತಿತ್ತು.

ಜನರ ಅಭಿಪ್ರಾಯಕ್ಕೆ ಬೆಲೆ ಇದೆಯಾ ಅನ್ನೋರಿಗೆ ಒಂದು ಕಥೆ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನಲ್ಲಿ 2017ರಿಂದ 'ಹ್ಯಾಪಿಲಿ ಎವರ್ ಆಫ್ಟರ್' ನಡೆಯುತ್ತಿತ್ತು. ಡಿಸ್ನಿ ವರ್ಲ್ಡ್‌ಗೆ 50 ತುಂಬಿತು ಅಂತ 2021ರ ಅಕ್ಟೋಬರ್ 1ರಂದು ಅದರ ಜಾಗಕ್ಕೆ 'ಎನ್‌ಚಾಂಟ್‌ಮೆಂಟ್' ಅನ್ನೋ ಹೊಸ ಶೋ ತಂದರು. ಹಳೆಯದೇ ಬೇಕು ಅಂತ ಅಭಿಮಾನಿಗಳು ಗೊಣಗಿದ್ದೇ ಗೊಣಗಿದ್ದು. 2023ರ ಏಪ್ರಿಲ್ 3ರಂದು ಹಳೆಯದೇ ವಾಪಸ್ ಬಂತು. ಪಕ್ಕದ ಎಪ್ಕಾಟ್ ಪಾರ್ಕಿನಲ್ಲೂ 'ಎನ್‌ಚಾಂಟ್‌ಮೆಂಟ್' ಬಂದ ಹೊತ್ತಿಗೇ ಬಂದ 'ಹಾರ್ಮೋನಿಯಸ್' 2023ರ ಏಪ್ರಿಲ್‌ನಲ್ಲೇ ಮುಗಿಯಿತು. ಅದರ ಬಗ್ಗೆ ಬಂದ ಒಂದು ದೂರು ನನಗೆ ತುಂಬ ಇಷ್ಟ. ಅದು ರಾತ್ರಿಯ ಬಗ್ಗೆ ಅಲ್ಲವೇ ಅಲ್ಲ! ಶೋಗೆ ಬೇಕಾದ ದೈತ್ಯ ತೇಲುವ ಕಟ್ಟೆಗಳು ಹಗಲೆಲ್ಲ ಕೆರೆಯ ನಡುವೆ ನಿಂತು ನೋಟ ಕೆಡಿಸುತ್ತಿದ್ದವು ಅನ್ನೋದು. ಆಮೇಲೆ ಅವನ್ನು ತೆಗೆದುಹಾಕಿದರು.

ಬೆಳಕಿನ ಮೆರವಣಿಗೆ

ಮೊಣಕಾಲು ನೋವಿನವರು, ತಳ್ಳುಗಾಡಿಯಲ್ಲಿ ಮಗು ಇರುವವರು ಇದನ್ನೇ ಆರಿಸಿ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಶೋ ನಿಮ್ಮ ಹತ್ತಿರಕ್ಕೇ ಬರುತ್ತದೆ. ದಾರಿಯುದ್ದಕ್ಕೂ ಮೊದಲ ಸಾಲು ಇರೋದರಿಂದ ಒಳ್ಳೆಯ ಜಾಗ ಬೇಕಾದಷ್ಟು. ಡಿಸ್ನಿಲ್ಯಾಂಡ್‌ನಲ್ಲಿ ಮೊದಲ 'ಎಲೆಕ್ಟ್ರಿಕಲ್ ಪೆರೇಡ್' ಹೊರಟಿದ್ದು 1972ರ ಜೂನ್ 17ರಂದು. ಟೋಕಿಯೋ ಡಿಸ್ನಿಲ್ಯಾಂಡ್‌ನಲ್ಲಿ ಅದರ ಹೊಸ ರೂಪ 2001ರಿಂದ ಇದೆ. ಅಲ್ಲಿನ ಶಿಸ್ತು ನೋಡಬೇಕು. ಮುಂದಿನ ಸಾಲಿನವರು ಚಾಪೆಯಂಥ ಹಾಳೆ ಹಾಸಿ ಕೂರುತ್ತಾರೆ, ಅದನ್ನು ಹಾಸೋದೂ ಒಂದು ಗಂಟೆ ಮುಂಚೆಯಿಂದ ಮಾತ್ರ. ಮುಂದಿನವರು ಕೂತರೆ ಹಿಂದಿನವರಿಗೆ ಕಾಣುತ್ತದೆ. ಮಳೆ ಬಂದ ದಿನ 'ನೈಟ್‌ಫಾಲ್ ಗ್ಲೋ' ಅನ್ನೋ ಪುಟ್ಟ ಮೆರವಣಿಗೆ ಬರುತ್ತದೆ. "ಮೂರೇ ಮೂರು ಗಾಡಿ ಬಂದು ಹೋದವು" ಅಂತ ಯಾರಾದರೂ ಬೇಸರದಿಂದ ಬರೆದಿದ್ದರೆ ಆ ದಿನ ಮಳೆ ಇತ್ತಾ ಅಂತ ನೋಡಿ.

ಮೆರವಣಿಗೆಯ ಒಂದೇ ಕೊರತೆ ಅಂದರೆ ಮೈ ಝುಮ್ ಅನ್ನುವ ಕ್ಷಣ ಇರೋದಿಲ್ಲ. ಬಂತು, ಹೋಯಿತು. ಹದಿಹರೆಯದ ಮಕ್ಕಳಿಗೆ ಸಪ್ಪೆ ಅನಿಸಬಹುದು.

ಡ್ರೋನ್

ದೀಪ ಹೊತ್ತ ಪುಟ್ಟ ಹಾರುವ ಯಂತ್ರಗಳು ಗುಂಪಾಗಿ ಆಕಾಶದಲ್ಲಿ ಚಿತ್ರ ಬಿಡಿಸುತ್ತವೆ. ಪಟಾಕಿಯ ಸದ್ದಿಲ್ಲ, ಹೊಗೆಯಿಲ್ಲ. ಡಿಸ್ನಿಲ್ಯಾಂಡ್ ಪ್ಯಾರಿಸ್ 2022ರಲ್ಲಿ ತನ್ನ 30ನೇ ವರ್ಷಕ್ಕೆ ಡ್ರೋನ್ ತಂದಾಗ ಜನ ಹುಚ್ಚೆದ್ದು ವೀಡಿಯೋ ಹಾಕಿದರು. ಬ್ಯಾಟರಿ ಹೆಚ್ಚು ಹೊತ್ತು ಬರೋದಿಲ್ಲ, ಆದ್ದರಿಂದ ಶೋ ಚಿಕ್ಕದು. ಗಾಳಿ ಜೋರಾದರೆ ಇಲ್ಲ. ಆಕಾಶದ ಚಿತ್ರ ಒಂದು ದಿಕ್ಕಿಗೆ ಮುಖ ಮಾಡಿರುತ್ತದೆ, ಹಿಂದೆ ನಿಂತರೆ ಅಕ್ಷರ ತಿರುಗುಮುರುಗು. ಡ್ರೋನ್ ಒಂದಕ್ಕಾಗಿಯೇ ಪ್ರವಾಸ ಇಟ್ಟುಕೊಳ್ಳಬೇಡಿ ಅನ್ನೋದು ನನ್ನ ಮಾತು. ಬೇರೆ ಶೋ ಜೊತೆಗೆ ಸಿಕ್ಕರೆ ಲಾಭ.

ದುಡ್ಡು ಕೊಟ್ಟ ಸೀಟೋ, ಬಿಟ್ಟಿ ಜಾಗವೋ

ಜೊತೆಯಲ್ಲಿ ವಯಸ್ಸಾದವರು ಇದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ ಒಂದು ಪ್ರಶ್ನೆ ಕೇಳಿ: ಕೊಟ್ಟ ದುಡ್ಡಿಗೆ ಸಿಗೋದು ಸೀಟಾ, ನಿಲ್ಲುವ ಜಾಗವಾ? ಹಲವು ಕಡೆ ಊಟದ ಜೊತೆ ಸೇರಿಸಿ ಮಾರುವ "ವಿಶೇಷ ವೀಕ್ಷಣೆ" ಅಂದರೆ ಹಗ್ಗ ಕಟ್ಟಿದ ಒಂದು ಮೂಲೆ. ಅಲ್ಲೂ ಮುಂದಿನ ಸಾಲಿಗೆ ನೂಕಾಟ ಇದ್ದೇ ಇರುತ್ತದೆ. ಕೆಟ್ಟ ಸ್ಟಾರ್‌ಗಳು ಜಾಸ್ತಿ ಹುಟ್ಟೋದು ಇಲ್ಲೇ. ಬಿಟ್ಟಿ ನಿಂತವರು ಬೈದರೂ ಅಷ್ಟು ಬೈಯೋದಿಲ್ಲ.

ಎರಡು ಆಟ ಇದ್ದರೆ ಎರಡನೇ ಆಟ ಒಳ್ಳೆಯದು ಅನ್ನೋರು ಬಹಳ, ನಾನೂ ಅದೇ ಪಂಗಡ. ಜನ ಕಡಿಮೆ, ಕತ್ತಲೆ ಗಟ್ಟಿ. ಮೊದಲ ಆಟದ ಹೊತ್ತಿಗೆ ರೈಡುಗಳ ಕ್ಯೂ ಕರಗಿರುತ್ತದೆ, ಅದನ್ನು ಬಳಸಿಕೊಳ್ಳಬಹುದು. ಅಪಾಯ ಒಂದೇ: ಗಾಳಿಯೋ ಯಂತ್ರವೋ ಕೈಕೊಟ್ಟರೆ ಎರಡನೆಯದು ರದ್ದು, ಮೊದಲನೆಯದು ಮುಗಿದಿರುತ್ತದೆ. ಊರಿಗೆ ಹೊರಡುವ ಹಿಂದಿನ ರಾತ್ರಿಗೆ ಅಂತ ಶೋ ಉಳಿಸಿಕೊಳ್ಳಬೇಡಿ. ಪಾರ್ಕಿನಲ್ಲಿ ಎರಡು ದಿನ ಇದ್ದರೆ ಮೊದಲ ರಾತ್ರಿಯೇ ನೋಡಿಬಿಡಿ, ರದ್ದಾದರೆ ಇನ್ನೊಂದು ರಾತ್ರಿ ಕೈಯಲ್ಲಿರುತ್ತದೆ.

ಫೋಟೋ ನಂಬಬೇಡಿ

ಈಗಿನ ಮೊಬೈಲುಗಳು ಕತ್ತಲನ್ನು ಬೆಳಗಿಸಿ ತೋರಿಸುತ್ತವೆ. ಮಂಕಾದ ನೀರಿನ ಪರದೆ ಫೋಟೋದಲ್ಲಿ ಹೊಳೆಯುತ್ತದೆ, ಚೆಂದದ ಬೆಂಕಿ ಬಿಳಿ ಮಚ್ಚೆಯಾಗುತ್ತದೆ. ಫೋಟೋ ನೋಡಬೇಕಾದ್ದು ಬೇರೆ ಕಾರಣಕ್ಕೆ. ಮುಂದೆ ಎಷ್ಟು ತಲೆ ಇವೆ, ಎಷ್ಟು ಮಕ್ಕಳು ಅಪ್ಪನ ಹೆಗಲ ಮೇಲಿದ್ದಾರೆ, ಯಾವ ಕಂಬ ಅಡ್ಡ ಬರುತ್ತದೆ, ಯಾರ ಕೈಯಲ್ಲಿ ಮಿಣಮಿಣ ಬಲೂನು ಇದೆ. ಅದರಲ್ಲಿ ಯಾವ ಮೊಬೈಲೂ ಮೋಸ ಮಾಡೋದಿಲ್ಲ.

ಬರೆದವರ ಎತ್ತರವೂ ಮುಖ್ಯ, ಆದರೆ ಅದನ್ನು ಯಾರೂ ಬರೆಯೋದಿಲ್ಲ. "ಹಿಂದೆ ನಿಂತರೂ ಚೆನ್ನಾಗಿ ಕಂಡಿತು" ಅಂದವರು ಆರಡಿ ಇದ್ದರೆ ಐದಡಿಯವರಿಗೆ ಆ ಮಾತು ಉಪಯೋಗಕ್ಕೆ ಬಾರದು. ಮಕ್ಕಳನ್ನು ಕರೆದುಕೊಂಡು ಹೋದವರ ಅಭಿಪ್ರಾಯಗಳನ್ನೇ ಹುಡುಕಿ ಓದುತ್ತೇನೆ ನಾನು. ಅವರು ಶೌಚಾಲಯ ಎಲ್ಲಿತ್ತು ಅನ್ನೋದನ್ನೂ ಬರೆದಿರುತ್ತಾರೆ.

ಮುಗಿದ ಮೇಲೆ ಏಳಬೇಡಿ. ದೀಪ ಹತ್ತಿದ ಕೂಡಲೇ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ, ತಳ್ಳುಗಾಡಿಯ ಚಕ್ರ ಹಿಮ್ಮಡಿಗೆ ಹೊಡೆಯುತ್ತದೆ, ಯಾರದೋ ಮಗು ಅಳುತ್ತಿರುತ್ತದೆ. ಇಪ್ಪತ್ತು ನಿಮಿಷ ಅಲ್ಲೇ ಕೂತು ನೀರು ಕುಡಿಯಿರಿ. ನಾನು ಹಾಗೆ ಕೂತ ದಿನಗಳ ಶೋಗಳಿಗೆಲ್ಲ ಒಂದು ಸ್ಟಾರ್ ಜಾಸ್ತಿಯೇ ಕೊಟ್ಟಿದ್ದೇನೆ.